ಓಪನ್ ಸೋರ್ಸ್‌ಗೆ ಮೊದಲ ಕೊಡುಗೆ: ನಿಮ್ಮ ಕೆಲಸ ನಿಂತ ಜಾಗದಿಂದಲೇ ಶುರುಮಾಡಿ

ಪ್ರಶ್ನೆ: ಎರಡು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಪೈಥಾನ್ ಬರುತ್ತದೆ, ಗಿಟ್ ದಿನವೂ ಬಳಸುತ್ತೇನೆ. ಯಾವುದಾದರೂ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕೊಡುಗೆ ಕೊಡಬೇಕು ಎಂದು ಒಂದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಹೊಸಬರಿಗೆ ಎಂದು ಗುರುತಿಸಿಟ್ಟ ಇಶ್ಯೂಗಳ (ಸರಿಪಡಿಸಬೇಕಾದ ತೊಂದರೆಗಳ ನಮೂದು) 'ಗುಡ್ ಫಸ್ಟ್ ಇಶ್ಯೂ' ಎಂಬ ಗುರುತು ಹುಡುಕಿಕೊಂಡು ಹೋದರೆ ಅಲ್ಲಿ ಆಗಲೇ ಹತ್ತು ಜನ 'ನನಗೆ ಕೊಡಿ' ಎಂದು ಕೇಳಿರುತ್ತಾರೆ. ಕೋಡ್ ತೆರೆದರೆ ಲಕ್ಷಗಟ್ಟಲೆ ಸಾಲು, ಎಲ್ಲಿಂದ ಓದಬೇಕೋ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವ ಅಳುಕು ಬೇರೆ. ತಪ್ಪು ಮಾಡಿದರೆ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ, ಶಾಶ್ವತವಾಗಿ ಉಳಿಯುತ್ತದೆ ಎಂಬ ಭಯವೂ ಇದೆ. ಎಐ ಕೈಲಿ ಬರೆಸಿ ಕಳಿಸಬಹುದೇ? ಎಲ್ಲಿಂದ ಶುರುಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಹೆಸರು ಇಲ್ಲ. ಯಾವ ಪ್ರಾಜೆಕ್ಟು ಎಂದು ನೀವು ಬರೆದಿಲ್ಲ, 'ಯಾವುದಾದರೂ' ಎಂದಿದ್ದೀರಿ. ನಿಮ್ಮ ಒಂದು ವರ್ಷ ಹೋಗಿರುವುದು ಆ ಪದದಲ್ಲೇ ಎಂದು ನನಗನ್ನಿಸುತ್ತದೆ. ಮೊದಲು ಇಶ್ಯೂ ಹುಡುಕುವುದು, ಅದು ಸಿಕ್ಕಿದ ಮೇಲೆ ಆ ಪ್ರಾಜೆಕ್ಟು ಏನು ಮಾಡುತ್ತದೆ ಎಂದು ತಿಳಿಯುವುದು, ಈ ಕ್ರಮದಲ್ಲಿ ನೀವು ಹೊರಟಿದ್ದೀರಿ. ಬಳಸಿಯೇ ಇಲ್ಲದ ಸಾಫ್ಟ್‌ವೇರಿನ ಬಗ್ ಸರಿಪಡಿಸುವುದು ಎಂಥ ಅನುಭವಿಗೂ ಕಷ್ಟ. ಕೋಡನ್ನು ಹೇಗೋ ಓದಿಬಿಡಬಹುದು. ಆದರೆ ಅದು ಹೇಗೆ ನಡೆದುಕೊಳ್ಳಬೇಕಿತ್ತು ಎಂಬುದು ಬಳಸಿದವರಿಗೆ ಮಾತ್ರ ಗೊತ್ತು.

ಹಾಗಾಗಿ ಕ್ರಮವನ್ನು ತಿರುಗಿಸಿ. ಕಚೇರಿ ಕೆಲಸದ ಪೈಥಾನ್ ಎನ್ವಿರಾನ್‌ಮೆಂಟಿನಲ್ಲಿ ನಿಂತು, ಅಲ್ಲಿ ಕೂರಿಸಿರುವ ಪ್ಯಾಕೇಜುಗಳನ್ನು ಪಟ್ಟಿ ಮಾಡುವ 'ಪಿಪ್ ಫ್ರೀಜ್' ಕಮಾಂಡ್ ಕೊಡಿ. ನಲವತ್ತೋ ಐವತ್ತೋ ಹೆಸರು ಬರುತ್ತವೆ. ಅರ್ಧದಷ್ಟನ್ನು ನೀವು ಬೇಕೆಂದು ತಂದುಕೊಂಡವರಲ್ಲ. ನೀವು ತಂದುಕೊಂಡ ಲೈಬ್ರರಿಗಳ ಬೆನ್ನ ಹಿಂದೆ ಬಂದವು ಅವು. 2016ರ ಮಾರ್ಚಿನಲ್ಲಿ ಜಾವಾಸ್ಕ್ರಿಪ್ಟ್ ಲೋಕದಲ್ಲಿ 'ಲೆಫ್ಟ್-ಪ್ಯಾಡ್' ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕ ಎನ್‌ಪಿಎಮ್ ಎಂಬ ಪ್ಯಾಕೇಜುಗಳ ಭಂಡಾರದಿಂದ ತೆಗೆದುಬಿಟ್ಟಾಗ, ಆ ಹೆಸರನ್ನೇ ಕೇಳಿರದ ಎಷ್ಟೋ ತಂಡಗಳ ಬಿಲ್ಡ್‌ಗಳು ನಿಂತುಹೋದವು. ನಿಮ್ಮ ಪಟ್ಟಿಯಲ್ಲೂ ಅಂಥ ಪುಟ್ಟ ಹೆಸರುಗಳಿರುತ್ತವೆ. ಕೆಲವನ್ನು ಒಬ್ಬರೇ, ಸಂಬಳದ ಕೆಲಸ ಮುಗಿಸಿ ಬಂದ ಮೇಲೆ, ನೋಡಿಕೊಳ್ಳುತ್ತಿರುತ್ತಾರೆ. ದೊಡ್ಡ ಹೆಸರಿನ ಹಿಂದೆ ಹೋಗುವ ಬದಲು ಈ ಪಟ್ಟಿಯಲ್ಲಿ ಹುಡುಕಿ. ಕಳೆದ ಎರಡು ಮೂರು ತಿಂಗಳಲ್ಲಿ ಇವುಗಳಲ್ಲಿ ಯಾವುದು ನಿಮ್ಮ ಕೆಲಸವನ್ನು ನಿಲ್ಲಿಸಿತು? ಯಾವುದರ ಡಾಕ್ಯುಮೆಂಟೇಶನ್ ಓದಿದ ಮೇಲೂ ಅರ್ಥವಾಗದೆ, ಕೊನೆಗೆ ಸೋರ್ಸ್ ತೆರೆದು ನೋಡಬೇಕಾಯಿತು? ಯಾವುದರ ತಪ್ಪನ್ನು ಮುಚ್ಚಲು ನಿಮ್ಮ ಕೋಡಿನಲ್ಲಿ ಒಂದು ತೇಪೆ ಹಾಕಿ, 'ಯಾಕೋ ಗೊತ್ತಿಲ್ಲ, ಇದಿಲ್ಲದಿದ್ದರೆ ಓಡುವುದಿಲ್ಲ' ಎಂದು ಕಾಮೆಂಟ್ ಬರೆದಿದ್ದೀರಿ? ಆ ತೇಪೆಯೇ ನಿಮ್ಮ ಮೊದಲ ಕೊಡುಗೆಯ ವಿಳಾಸ.

ನನ್ನದು ಹಾಗೇ ಆಯಿತು. ಸಿಎಸ್‌ವಿ ಫೈಲುಗಳನ್ನು ಓದಿ ಡೇಟಾಬೇಸಿಗೆ ತುಂಬುವ ಒಂದು ಸಣ್ಣ ಕಮಾಂಡ್ ಲೈನ್ ಸಾಧನವನ್ನು ಕೆಲಸದಲ್ಲಿ ಬಳಸುತ್ತಿದ್ದೆ. ನಿನ್ನೆಯವರೆಗೂ ಸರಿಯಾಗಿ ಓಡುತ್ತಿದ್ದದ್ದು ಒಂದು ಬೆಳಿಗ್ಗೆ 'ನೇಮ್ ಎಂಬ ಕಾಲಂ ಇಲ್ಲ' ಎಂದು ನಿಂತುಬಿಟ್ಟಿತು. ಫೈಲು ತೆರೆದರೆ ಮೊದಲ ಸಾಲಿನ ಮೊದಲ ಪದವೇ 'ನೇಮ್'. ನನ್ನ ಕಣ್ಣಿಗೆ ಕಾಣುತ್ತಿದೆ, ಪ್ರೋಗ್ರಾಮಿಗೆ ಕಾಣುತ್ತಿಲ್ಲ. ಕಾಗುಣಿತ ನೋಡಿದೆ, ಖಾಲಿ ಜಾಗ ನೋಡಿದೆ, ಆ ಪದವನ್ನು ಅಳಿಸಿ ಮತ್ತೆ ಟೈಪ್ ಮಾಡಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಫೈಲಿನ ಬೈಟುಗಳನ್ನೇ ಹೆಕ್ಸ್ ರೂಪದಲ್ಲಿ ಸುರಿದು ನೋಡಿದಾಗ ಆ ಪದಕ್ಕೂ ಮುಂಚೆ ಮೂರು ಬೈಟು ಕೂತಿದ್ದವು: ಇಎಫ್, ಬಿಬಿ, ಬಿಎಫ್.

ಇದಕ್ಕೆ ಬೈಟ್ ಆರ್ಡರ್ ಮಾರ್ಕ್ ಎನ್ನುತ್ತಾರೆ, ಪಠ್ಯ ಯಾವ ಎನ್‌ಕೋಡಿಂಗಿನಲ್ಲಿದೆ ಎಂದು ಸೂಚಿಸುವ ಗುರುತು. ಎಕ್ಸೆಲ್‌ನಲ್ಲಿ 'ಸಿಎಸ್‌ವಿ ಯುಟಿಎಫ್-8' ಎಂದು ಸೇವ್ ಮಾಡಿದರೆ ಫೈಲಿನ ತಲೆಗೆ ಈ ಮೂರು ಬೈಟು ಸೇರಿಕೊಳ್ಳುತ್ತವೆ. ಪೈಥಾನಿನಲ್ಲಿ ಆ ಫೈಲನ್ನು ಬರೀ 'ಯುಟಿಎಫ್-8' ಎಂದು ತೆರೆದರೆ ಆ ಗುರುತು ಮೊದಲ ಕಾಲಮಿನ ಹೆಸರಿನ ಭಾಗವಾಗಿಬಿಡುತ್ತದೆ, ಪರದೆಯ ಮೇಲೆ ಕಾಣುವುದೂ ಇಲ್ಲ. 'ಯುಟಿಎಫ್-8-ಸಿಗ್' ಎಂದು ತೆರೆದರೆ ಗುರುತು ಇದ್ದಲ್ಲಿ ಅದನ್ನು ಬಿಟ್ಟು ಓದುತ್ತದೆ, ಇಲ್ಲದಿದ್ದರೆ ಮಾಮೂಲಿನಂತೆ ಓದುತ್ತದೆ. ಅಂದರೆ ಪರಿಹಾರ ಇಂಗ್ಲಿಷಿನಲ್ಲಿ ಹೈಫನ್ ಸೇರಿ ನಾಲ್ಕೇ ಅಕ್ಷರ. ಆ ನಾಲ್ಕು ಅಕ್ಷರ ಪ್ರಾಜೆಕ್ಟಿಗೆ ಸೇರಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನ ಎಲ್ಲಿ ಹೋದವು ಎಂದು ಹೇಳಿದರೆ ನೀವು ಕೇಳಿದ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ.

ಮೊದಲ ದಿನ ಕೋಡಿನ ಒಂದು ಸಾಲನ್ನೂ ನಾನು ಮುಟ್ಟಲಿಲ್ಲ. ಪ್ರಾಜೆಕ್ಟನ್ನು ನನ್ನ ಗಣಕಕ್ಕೆ ಕ್ಲೋನ್ ಮಾಡಿ, ಕೊಡುಗೆ ಕೊಡುವ ಕ್ರಮ ವಿವರಿಸುವ 'ಕಾಂಟ್ರಿಬ್ಯೂಟಿಂಗ್' ಫೈಲಿನಲ್ಲಿ ಹೇಳಿದಂತೆ ಎಲ್ಲವನ್ನೂ ಕೂರಿಸಿ, ಅವರ ಟೆಸ್ಟ್‌ಗಳನ್ನು ಓಡಿಸುವುದಷ್ಟೇ ಆ ಸಂಜೆಯ ಕೆಲಸ. ನೀವೂ ಇದನ್ನೇ ಮಾಡಿ, ಇದನ್ನು ಮಾಡದೆ ಮುಂದೆ ಹೋಗಬೇಡಿ. ಏನನ್ನೂ ಬದಲಿಸದೆ ಇರುವಾಗ ಟೆಸ್ಟ್‌ಗಳೆಲ್ಲ ಪಾಸಾಗುತ್ತವೋ ಇಲ್ಲವೋ ಗೊತ್ತಿಲ್ಲದಿದ್ದರೆ, ನಾಳೆ ಒಂದು ಫೇಲಾದಾಗ ಅದು ನಿಮ್ಮಿಂದ ಆದದ್ದೋ ಮೊದಲೇ ಇದ್ದದ್ದೋ ಹೇಳಲಾಗುವುದಿಲ್ಲ. ಈ ಹಂತದಲ್ಲಿ ಇನ್ನೊಂದು ಲಾಭವಿದೆ, ಹೊಸಬರಿಗೆ ಮಾತ್ರ ಸಿಗುವ ಲಾಭ. ಬಿಟ್ಟುಹೋದ ಒಂದು ಡಿಪೆಂಡೆನ್ಸಿ, ಬದಲಾಗಿರುವ ಒಂದು ಕಮಾಂಡು, ವಿಂಡೋಸಿನಲ್ಲಿ ಓಡದ ಒಂದು ಸ್ಕ್ರಿಪ್ಟು, ಇವೆಲ್ಲ ತೊಡರುವುದು ಮೊದಲ ಸಲ ಬಂದವರ ಕಾಲಿಗೆ. ಹತ್ತು ವರ್ಷದಿಂದ ಪ್ರಾಜೆಕ್ಟು ನಡೆಸುತ್ತಿರುವವರ ಗಣಕದಲ್ಲಿ ಎಲ್ಲವೂ ಆಗಲೇ ಕೂತಿರುತ್ತದೆ. ಅವರು ಬೇಕೆಂದರೂ ಆ ತಪ್ಪುಗಳನ್ನು ಕಾಣಲಾರರು. ಎಲ್ಲಿ ಎಡವಿದಿರಿ, ಏನು ಮಾಡಿದ ಮೇಲೆ ಮುಂದೆ ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆಯುತ್ತ ಹೋಗಿ. ಅದನ್ನು ತಿದ್ದಿ ಕಳಿಸಿದರೆ ಅದೂ ಪೂರ್ಣ ಪ್ರಮಾಣದ ಕೊಡುಗೆಯೇ. ಡಾಕ್ಯುಮೆಂಟೇಶನ್ ತಿದ್ದುವುದನ್ನು ಕೋಡ್ ಬರೆಯಲಾಗದವರ ಕೆಲಸ ಎಂದು ಭಾವಿಸುವವರ ಜೊತೆ ನಾನು ಯಾವತ್ತೂ ಒಪ್ಪಿಲ್ಲ.

ಎರಡನೆಯ ದಿನ ವರದಿ ಬರೆದೆ. ಪ್ಯಾಚಿಗಿಂತ (ಕೋಡಿನ ತಿದ್ದುಪಡಿಗಿಂತ) ಮುಂಚೆ ಇಶ್ಯೂ. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ ಇತ್ತು:

"ಮಾಡಿದ್ದು: ಎರಡು ಸಾಲಿನ ಸಿಎಸ್‌ವಿ ಫೈಲನ್ನು, ತಲೆಯಲ್ಲಿ ಬೈಟ್ ಆರ್ಡರ್ ಮಾರ್ಕ್ ಇರುವಂತೆ ಸೇವ್ ಮಾಡಿ, ಇಂಪೋರ್ಟ್ ಮಾಡಿದೆ. ಫೈಲನ್ನು ಲಗತ್ತಿಸಿದ್ದೇನೆ. ಆಗಬೇಕಿದ್ದದ್ದು: ಒಂದು ಸಾಲು ಡೇಟಾಬೇಸಿಗೆ ಸೇರಬೇಕಿತ್ತು. ಆದದ್ದು: ಮೊದಲ ಕಾಲಂ ಸಿಗುತ್ತಿಲ್ಲ ಎಂಬ ಎರರ್, ಪೂರ್ತಿ ಪಠ್ಯ ಕೆಳಗಿದೆ. ಗುರುತು ತೆಗೆದರೆ ಅದೇ ಫೈಲು ಸರಿಯಾಗಿ ಓಡುತ್ತದೆ. ಸಾಧನದ ಆವೃತ್ತಿ, ಪೈಥಾನ್ ಆವೃತ್ತಿ, ಆಪರೇಟಿಂಗ್ ಸಿಸ್ಟಂ ಇವು. ಇದು ತಪ್ಪು ಎಂದು ನೀವೂ ಒಪ್ಪುವುದಾದರೆ ನಾನೇ ಸರಿಪಡಿಸಿ ಕಳಿಸಬಲ್ಲೆ."

ಇಂಗ್ಲಿಷಿನ ಅಳುಕಿಗೆ ಇದೇ ನನ್ನ ಉತ್ತರ. ಮಾಡಿದ್ದು, ಆಗಬೇಕಿದ್ದದ್ದು, ಆದದ್ದು, ಮೂರು ಚಿಕ್ಕ ವಾಕ್ಯ. ಅದಕ್ಕೆ ಅಲಂಕಾರ ಬೇಡ. ಓದುವವರಲ್ಲಿ ಎಷ್ಟೋ ಜನರಿಗೂ ಇಂಗ್ಲಿಷ್ ಎರಡನೆಯದೋ ಮೂರನೆಯದೋ ಭಾಷೆ, ಅವರಿಗೂ ಚಿಕ್ಕ ವಾಕ್ಯವೇ ಇಷ್ಟ. ವ್ಯಾಕರಣ ತಪ್ಪಿದ ವರದಿಯನ್ನು ಬದಿಗಿಟ್ಟವರನ್ನು ನಾನು ಕಂಡಿಲ್ಲ. 'ನಿಮ್ಮ ಸಾಫ್ಟ್‌ವೇರ್ ಕೆಲಸ ಮಾಡುತ್ತಿಲ್ಲ' ಎಂಬ ಒಂದೇ ಸಾಲಿನ, ವ್ಯಾಕರಣ ಶುದ್ಧವಾದ ವರದಿಯನ್ನು ಬದಿಗಿಟ್ಟದ್ದನ್ನು ಬಹಳ ಸಲ ಕಂಡಿದ್ದೇನೆ. ಒಂದೆರಡು ಸಣ್ಣ ಲೈಬ್ರರಿಗಳನ್ನು ಈಗ ನಾನೂ ನೋಡಿಕೊಳ್ಳುತ್ತಿರುವುದರಿಂದ ಆ ಕಡೆಯ ಕಷ್ಟವೂ ಗೊತ್ತು. ದಿನದ ಕೊನೆಯಲ್ಲಿ ಅರ್ಧ ಗಂಟೆ ಸಿಗುತ್ತದೆ. ಆ ಅರ್ಧ ಗಂಟೆಯಲ್ಲಿ, ತೊಂದರೆಯನ್ನು ನನ್ನ ಗಣಕದಲ್ಲಿ ಒಂದೇ ನಿಮಿಷಕ್ಕೆ ಮರುಕಳಿಸಬಲ್ಲ ವರದಿಯನ್ನೇ ನಾನು ಮೊದಲು ತೆರೆಯುತ್ತೇನೆ.

ವರದಿ ಎಂದರೆ ಚಿಕ್ಕದು ಎಂದುಕೊಳ್ಳಬೇಡಿ. 2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಝೆಡ್ ಪ್ರಕರಣವನ್ನು ನೀವು ಕೇಳಿರಬಹುದು. ಬಹಳಷ್ಟು ಲಿನಕ್ಸ್ ವಿತರಣೆಗಳಲ್ಲಿರುವ ಆ ಕಂಪ್ರೆಶನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಅದನ್ನು ಹಿಡಿದದ್ದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್. ದೂರದ ಗಣಕದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ, ಸಿಪಿಯು ಹೆಚ್ಚು ತಿನ್ನುತ್ತಿದೆ ಎಂದು ಅವರಿಗೆ ಅನುಮಾನ ಬಂತು. ಎಳೆ ಹಿಡಿದು ಹೋದರು. ಕೊನೆಗೆ ಅವರು ಜಗತ್ತಿನ ಮುಂದಿಟ್ಟದ್ದು ಒಂದು ವರದಿ: ಏನು ಕಂಡಿತು, ಹೇಗೆ ಕಂಡಿತು, ಯಾವ ಆವೃತ್ತಿಗಳಲ್ಲಿ. ಅದನ್ನು ಓದಿ, ಆ ಆವೃತ್ತಿಗಳನ್ನು ಸೇರಿಸಿಕೊಂಡಿದ್ದ ಲಿನಕ್ಸ್ ವಿತರಣೆಗಳು ಕೂಡಲೇ ಅವುಗಳನ್ನು ಕೈಬಿಟ್ಟವು.

ಈಗ ಲಕ್ಷಗಟ್ಟಲೆ ಸಾಲಿನ ಮಾತು. ಅಷ್ಟನ್ನೂ ಯಾರೂ ಓದುವುದಿಲ್ಲ, ಆ ಪ್ರಾಜೆಕ್ಟನ್ನು ನೋಡಿಕೊಳ್ಳುವ ಮೇಂಟೇನರುಗಳೂ ಓದಿರುವುದಿಲ್ಲ. ಎರರ್ ಸಂದೇಶದ ಪಠ್ಯವನ್ನು ಹಿಡಿದು ಇಡೀ ಫೋಲ್ಡರಿನಲ್ಲಿ ಹುಡುಕಿ. ಅದು ಯಾವ ಫಂಕ್ಷನ್ನಿನಲ್ಲಿದೆ, ಆ ಫಂಕ್ಷನ್ನನ್ನು ಯಾರು ಕರೆಯುತ್ತಾರೆ ಎಂದು ಹಿಂದಕ್ಕೆ ನಡೆಯುತ್ತ ಬನ್ನಿ. ನನಗೆ ಆರೇಳು ಫಂಕ್ಷನ್ ಓದುವಷ್ಟರಲ್ಲಿ ಫೈಲು ತೆರೆಯುವ ಸಾಲು ಸಿಕ್ಕಿತು. ಆಮೇಲೆ ಆ ಸಾಲಿನ ಮೇಲೆ 'ಗಿಟ್ ಬ್ಲೇಮ್' ಓಡಿಸಿ, ಯಾವ ಕಮಿಟ್ಟಿನಲ್ಲಿ (ದಾಖಲಾದ ಬದಲಾವಣೆಯಲ್ಲಿ) ಯಾರು ಅದನ್ನು ಬರೆದರು ಎಂದು ತೋರಿಸುತ್ತದೆ. ಅದನ್ನು ಯಾರು ಬರೆದರು ಎಂಬುದಕ್ಕಿಂತ ಯಾಕೆ ಬರೆದರು ಎಂಬುದು ನಿಮಗೆ ಬೇಕು. ಆ ಕಮಿಟ್ಟಿನ ಸಂದೇಶ ಓದಿ. ಒಂದು ಪದ ಯಾವಾಗ ಕೋಡಿಗೆ ಬಂತು, ಯಾವಾಗ ಹೋಯಿತು ಎಂದು ನೋಡಲು 'ಗಿಟ್ ಲಾಗ್'ಗೆ ದೊಡ್ಡಕ್ಷರದ 'ಎಸ್' ಆಯ್ಕೆ ಇದೆ, ಇದನ್ನು ದಿನವೂ ಗಿಟ್ ಬಳಸುವವರೂ ಎಷ್ಟೋ ಜನ ಮುಟ್ಟಿರುವುದಿಲ್ಲ. ನಿಮಗೆ ಅಸಂಬದ್ಧವಾಗಿ ಕಂಡ ಸಾಲಿನ ಹಿಂದೆ ಎಷ್ಟೋ ಸಲ ಐದು ವರ್ಷದ ಹಿಂದಿನ ಒಂದು ಬಗ್ ಇರುತ್ತದೆ. ಅದನ್ನು ಓದದೆ ಆ ಸಾಲನ್ನು ತೆಗೆದರೆ ಆ ಬಗ್ ವಾಪಸ್ ಬರಬಹುದು.

ಟೆಸ್ಟ್ ಮೊದಲು ಬರೆಯಿರಿ. ಬಗ್ ಇರುವಾಗ ಫೇಲಾಗುವ, ಸರಿಪಡಿಸಿದ ಮೇಲೆ ಪಾಸಾಗುವ ಒಂದು ಟೆಸ್ಟ್. ಪಕ್ಕದ ಟೆಸ್ಟ್ ಫೈಲು ತೆರೆದು ಅವರದೇ ಶೈಲಿಯಲ್ಲಿ ಬರೆದರೆ ಸಾಕು. ನನಗೆ ಉಪಯೋಗಕ್ಕೆ ಬಂದದ್ದೂ ಅದೇ. ಹೆಡರ್ ಸಾಲನ್ನು ಓದುವ ಕಡೆ ನಾಲ್ಕು ಅಕ್ಷರ ಸೇರಿಸಿ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಟೆಸ್ಟ್ ಮತ್ತೆ ಫೇಲಾಯಿತು. ಡೇಟಾ ಸಾಲುಗಳನ್ನು ಓದಲು ಅದೇ ಫೈಲನ್ನು ಬೇರೊಂದು ಕಡೆ ಎರಡನೆಯ ಸಲ ತೆರೆಯುತ್ತಿದ್ದರು. ಟೆಸ್ಟ್ ಇಲ್ಲದಿದ್ದರೆ ಅರ್ಧ ಸರಿಯಾದ ಪ್ಯಾಚನ್ನು ಪೂರ್ತಿ ಸರಿ ಎಂದು ನಂಬಿ ಕಳಿಸುತ್ತಿದ್ದೆ.

ಕಳಿಸುವ ಮುನ್ನ, ಬದಲಾದ ಸಾಲುಗಳನ್ನೆಲ್ಲ ತೋರಿಸುವ 'ಗಿಟ್ ಡಿಫ್' ಕೊಟ್ಟು, ಬೇರೆ ಯಾರೋ ಬರೆದದ್ದು ಎಂಬಂತೆ ಸಾಲು ಸಾಲಾಗಿ ಓದಿ. ನಾನು ಹಾಗೆ ಓದಲಿಲ್ಲ. ನನ್ನ ಎಡಿಟರು ಸೇವ್ ಮಾಡುವಾಗ ಸಾಲಿನ ಕೊನೆಯ ಖಾಲಿ ಜಾಗಗಳನ್ನೆಲ್ಲ ತಾನಾಗಿ ತೆಗೆದುಹಾಕಿತ್ತು. ಬದಲಿಸಬೇಕಿದ್ದದ್ದು ಎರಡು ಸಾಲು, ಪುಲ್ ರಿಕ್ವೆಸ್ಟಿನಲ್ಲಿ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಕೆಂಪು ಹಸಿರಾಗಿ ಕಂಡದ್ದು ಅರವತ್ತಕ್ಕೂ ಹೆಚ್ಚು. ಪರಿಶೀಲಿಸಿದವರು, 'ಇವುಗಳಲ್ಲಿ ನಾನು ನೋಡಬೇಕಾದ ಸಾಲು ಯಾವುದು?' ಎಂದು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಅವತ್ತಿನಿಂದ 'ಗಿಟ್ ಆಡ್'ಗೆ 'ಪಿ' ಆಯ್ಕೆ ಕೊಟ್ಟು ಒಂದೊಂದು ತುಂಡನ್ನೂ ನೋಡಿ ಸೇರಿಸುವ ಅಭ್ಯಾಸ ಬಂದಿದೆ. ಕಣ್ಣಿಗೆ ಬಿದ್ದ ಬೇರೆ ತಪ್ಪುಗಳನ್ನು ಅದೇ ಪ್ಯಾಚಿನಲ್ಲಿ ತಿದ್ದುವ ಆಸೆ ನಿಮಗೂ ಬರುತ್ತದೆ. ತಿದ್ದಿ, ಆದರೆ ಬೇರೆ ಪ್ಯಾಚಿನಲ್ಲಿ. ಒಂದು ಪುಲ್ ರಿಕ್ವೆಸ್ಟಿನಲ್ಲಿ ಒಂದೇ ವಿಷಯ.

ಫೋರ್ಕ್, ಬ್ರಾಂಚ್, ಪುಶ್ ನಿಮಗೆ ಗೊತ್ತಿರುವುದರಿಂದ ಅದನ್ನು ಬೆಳೆಸುವುದಿಲ್ಲ. ಫೋರ್ಕಿನ ಮುಖ್ಯ ಬ್ರಾಂಚಿನಲ್ಲೇ ಕೆಲಸ ಮಾಡಬೇಡಿ, ಪ್ರತಿ ವಿಷಯಕ್ಕೂ ಹೊಸ ಬ್ರಾಂಚ್ ತೆಗೆಯಿರಿ, ಅಷ್ಟು ಸಾಕು. ನೀವು ದಿನವೂ ಬಳಸುವ ಈ ಗಿಟ್ಟನ್ನು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದದ್ದು ಲಿನಕ್ಸ್ ಕರ್ನಲ್ಲಿಗಾಗಿ, ಬೇರೆ ಬೇರೆ ಕಡೆ ಕೂತು ಕೆಲಸ ಮಾಡುವ ಸಾವಿರಾರು ಜನರ ಬದಲಾವಣೆಗಳನ್ನು ಒಟ್ಟಿಗೆ ತರಲು. ಕಚೇರಿಯಲ್ಲಿ ನೀವು ಮಾಡುತ್ತಿರುವುದು ಆ ಕೆಲಸದ ಸಣ್ಣ ರೂಪ, ಕೈ ಆಗಲೇ ಪಳಗಿದೆ. ಪುಲ್ ರಿಕ್ವೆಸ್ಟ್ ಎಲ್ಲ ಕಡೆ ನಡೆಯುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ಕರ್ನಲ್ಲಿಗೆ ಪ್ಯಾಚುಗಳು ಇಂದಿಗೂ ಇಮೇಲಿನಲ್ಲೇ ಹೋಗುತ್ತವೆ. ಪೈಥಾನಿನ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೋ, ಪ್ರಾಜೆಕ್ಟುಗಳ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಪುಲ್ ರಿಕ್ವೆಸ್ಟ್ ತೆಗೆದುಕೊಂಡರೂ ಟಿಕೆಟ್‌ಗಳನ್ನು ಟ್ರ್ಯಾಕ್ ಎಂಬ ಬೇರೆ ವ್ಯವಸ್ಥೆಯಲ್ಲಿ ಇಡುತ್ತದೆ. ಅಲ್ಲಿ ಹೊಸಬರ ಟಿಕೆಟ್ಟಿನ ಗುರುತಿಗೆ 'ಈಸಿ ಪಿಕಿಂಗ್ಸ್' ಎಂದು ಹೆಸರು. ಪ್ರತಿ ಮನೆಗೂ ಅದರದೇ ರೀತಿ. ಅದಕ್ಕೇ 'ಕಾಂಟ್ರಿಬ್ಯೂಟಿಂಗ್' ಫೈಲನ್ನು ಓದಿಯೇ ಒಳಗೆ ಕಾಲಿಡಬೇಕು.

ಕಮಿಟ್ ಸಂದೇಶದಲ್ಲಿ ಏನು ಬದಲಿಸಿದಿರಿ ಎಂದು ಉದ್ದ ಬರೆಯಬೇಡಿ, ಅದು ಡಿಫ್‌ನಲ್ಲೇ ಕಾಣುತ್ತದೆ. ಯಾಕೆ ಬದಲಿಸಿದಿರಿ ಎಂದು ಬರೆಯಿರಿ. ಕೆಲವು ಪ್ರಾಜೆಕ್ಟುಗಳು ಕೊನೆಯಲ್ಲಿ 'ಸೈನ್ಡ್-ಆಫ್-ಬೈ' ಎಂಬ ಸಾಲು ಕೇಳುತ್ತವೆ. ಲಿನಕ್ಸ್ ಕರ್ನಲ್ 2004ರಲ್ಲಿ ತಂದ ಪದ್ಧತಿ ಅದು. 'ಇದನ್ನು ಕೊಡುವ ಹಕ್ಕು ನನಗಿದೆ' ಎಂದು ನೀವು ಬರೆದುಕೊಡುವ ಮಾತು, ಬರೀ ಶಾಸ್ತ್ರಕ್ಕಲ್ಲ. ಪೈಥಾನಿನಂಥ ಪ್ರಾಜೆಕ್ಟುಗಳಲ್ಲಿ ಕಾಂಟ್ರಿಬ್ಯೂಟರ್ ಒಪ್ಪಂದಕ್ಕೆ ಸಹಿ ಹಾಕಬೇಕಾಗುತ್ತದೆ. ಇಲ್ಲಿ ನೀವು ಕೇಳದೇ ಇದ್ದ, ಆದರೆ ಕೇಳಬೇಕಿದ್ದ ಒಂದು ವಿಷಯವಿದೆ. ನೀವು ಉದ್ಯೋಗದಲ್ಲಿದ್ದೀರಿ. ಕೆಲಸಕ್ಕೆ ಸೇರುವಾಗ ಸಹಿ ಮಾಡಿದ ಪತ್ರವನ್ನು ತೆಗೆದು ಓದಿ. ಬಿಡುವಿನ ವೇಳೆಯಲ್ಲಿ, ಸ್ವಂತ ಗಣಕದಲ್ಲಿ ಬರೆದ ಕೋಡೂ ಕಂಪನಿಗೇ ಸೇರುತ್ತದೆ ಎಂಬ ಷರತ್ತು ಕೆಲವು ಪತ್ರಗಳಲ್ಲಿ ಇರುತ್ತದೆ. ಹಾಗಿದ್ದರೆ ಮೊದಲು ಲಿಖಿತ ಅನುಮತಿ ತೆಗೆದುಕೊಳ್ಳಿ. ಕೊಡುವವರು ಸಾಮಾನ್ಯವಾಗಿ ಕೊಡುತ್ತಾರೆ, ಆದರೆ ಕೇಳಿರಬೇಕು. ಕಚೇರಿಯ ಕೋಡಿನ ಒಂದು ಸಾಲೂ ನಕಲಾಗಿ ಹೋಗಬಾರದು. ಗಿಟ್‌ನಲ್ಲಿ ಯಾವ ಇಮೇಲ್ ವಿಳಾಸ ಕೂತಿದೆ ಎಂದೂ ನೋಡಿಕೊಳ್ಳಿ. ಅದು ಕಮಿಟ್ಟಿನ ಜೊತೆ ಎಲ್ಲರಿಗೂ ಕಾಣುತ್ತದೆ.

ಪುಲ್ ರಿಕ್ವೆಸ್ಟ್ ತೆರೆದ ಕೂಡಲೇ ಸ್ವಯಂಚಾಲಿತ ಪರೀಕ್ಷೆಗಳು ಓಡಬೇಕು, ಆದರೆ ನಿಮ್ಮದು 'ಅನುಮತಿಗಾಗಿ ಕಾಯುತ್ತಿದೆ' ಎಂದು ತೋರಿಸಬಹುದು. ಗಾಬರಿಯಾಗಬೇಡಿ. ಪರೀಕ್ಷೆ ಓಡಿಸುವ ಸರ್ವರುಗಳನ್ನು ಕೆಲವರು ಕ್ರಿಪ್ಟೊ ಗಣಿಗಾರಿಕೆಗೆ ದುರುಪಯೋಗ ಮಾಡಿದ್ದರಿಂದ, 2021ರಿಂದ ಗಿಟ್‌ಹಬ್ ಮೊದಲ ಸಲ ಬಂದವರ ಪರೀಕ್ಷೆಗಳನ್ನು ಮೇಂಟೇನರ್ ಒಪ್ಪಿದ ಮೇಲೆ ಓಡಿಸುವಂತೆ ಮಾಡಿದೆ. ನಿಮ್ಮ ಮೇಲಿನ ಅನುಮಾನ ಅಲ್ಲ ಅದು.

ಆಮೇಲೆ ಕಾಯುವುದು. ನನ್ನ ಹನ್ನೊಂದು ದಿನಗಳಲ್ಲಿ ಐದು ದಿನ ಮೌನದಲ್ಲೇ ಹೋದವು. ಅಷ್ಟು ಬೇಗ ಉತ್ತರ ಬಂದದ್ದೂ ಅದೃಷ್ಟವೇ. ನೆನಪಿಸುವ ಮುನ್ನ ಕನಿಷ್ಠ ಒಂದು ವಾರ ಬಿಡಿ ಎಂದು ಕರ್ನಲ್ಲಿನ ಮಾರ್ಗದರ್ಶಿಯೇ ಹೇಳುತ್ತದೆ. ಸ್ವಯಂಸೇವಕರು ನಡೆಸುವ ಪ್ರಾಜೆಕ್ಟಿಗೆ ನಾನು ಎರಡು ವಾರ ಬಿಡುತ್ತೇನೆ. ಆಮೇಲೆ ಒಂದೇ ಸಾಲು: 'ಇದನ್ನು ನೋಡಲು ಬಿಡುವಾದೀತೇ? ನನ್ನ ಕಡೆಯಿಂದ ಏನಾದರೂ ಬೇಕಿದ್ದರೆ ಹೇಳಿ.' ಆಗಲೂ ಮೌನವಾದರೆ ಇನ್ನೊಂದು ಸಲ ಕೇಳಿ, ಬಿಟ್ಟು ಮುಂದೆ ಹೋಗಿ. ಅದಕ್ಕೇ ಶುರುವಿನಲ್ಲೇ ಪ್ರಾಜೆಕ್ಟಿನ ಉಸಿರು ನೋಡಬೇಕು. ಗಿಟ್‌ಹಬ್‌ನಲ್ಲಿ ಜನ ಮೆಚ್ಚಿ ಕೊಟ್ಟ ನಕ್ಷತ್ರಗಳ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಮರ್ಜ್ ಆದ, ಅಂದರೆ ಕೋಡಿಗೆ ಸೇರಿಕೊಂಡ, ಪುಲ್ ರಿಕ್ವೆಸ್ಟುಗಳ ಪಟ್ಟಿ ತೆರೆದು, ಕಳೆದ ಒಂದೆರಡು ತಿಂಗಳಲ್ಲಿ ಹೊರಗಿನವರದ್ದು ಎಷ್ಟು ಸೇರಿವೆ, ಉತ್ತರ ಬರಲು ಎಷ್ಟು ದಿನ ಹಿಡಿಯಿತು, ಯಾವ ದನಿಯಲ್ಲಿ ಉತ್ತರಿಸಿದ್ದಾರೆ ಎಂದು ಒಂದು ಹತ್ತು ಓದಿ. ಹೊಸಬರನ್ನು ಗದರಿಸುವ ಕಡೆಯೂ ಇವೆ. ಅಲ್ಲಿಗೆ ಹೋಗಬೇಡಿ, ಒಳ್ಳೆಯ ಮನೆಗಳು ಬೇಕಾದಷ್ಟಿವೆ.

ಐದು ದಿನದ ನಂತರ ನನಗೆ ಬಂದ ಪ್ರಶ್ನೆ: 'ಫೈಲಿನ ಬದಲು ಪೈಪಿನಿಂದ ಬಂದರೆ?' ಅಂದರೆ ಇನ್ನೊಂದು ಪ್ರೋಗ್ರಾಮಿನ ಔಟ್‌ಪುಟ್ ನೇರವಾಗಿ ಇದಕ್ಕೆ ಹರಿದು ಬಂದರೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಸ್ಟ್ಯಾಂಡರ್ಡ್ ಇನ್‌ಪುಟ್ಟಿನಲ್ಲಿ ಬರುವುದನ್ನು ನಮ್ಮ ಕೋಡ್ ತೆರೆಯುವುದಿಲ್ಲ, ಪೈಥಾನೇ ಮೊದಲು ತೆರೆದಿಟ್ಟಿರುತ್ತದೆ. ನನ್ನ ನಾಲ್ಕು ಅಕ್ಷರ ಅಲ್ಲಿಗೆ ತಲುಪುವುದೇ ಇಲ್ಲ. ಎರಡು ಸಂಜೆ ಗುದ್ದಾಡಿ, ಆಗಲಿಲ್ಲ ಎಂದು ಒಪ್ಪಿಕೊಂಡು ಬರೆದೆ. ಒಳಗಿನ ಕಚ್ಚಾ ಬೈಟ್ ಪ್ರವಾಹವನ್ನು ಹಿಡಿದು ಬೇಕಾದ ಎನ್‌ಕೋಡಿಂಗಿನಲ್ಲಿ ಮತ್ತೆ ಸುತ್ತಬಹುದು ಎಂದು ಅವರು ಮೂರು ಸಾಲಿನಲ್ಲಿ ತೋರಿಸಿಕೊಟ್ಟರು. ಕೆಲಸದಲ್ಲಿ ಒಂದು ವರ್ಷ ಕಳೆದರೂ ನನಗೆ ಯಾರೂ ಹೇಳಿಕೊಡದ ವಿಷಯವನ್ನು, ಮುಖ ಕಾಣದ ಒಬ್ಬರು ತಮ್ಮ ಸಂಜೆಯಲ್ಲಿ ಕೂತು ಹೇಳಿಕೊಟ್ಟರು. ಇವತ್ತಿಗೂ ಅವರ ಋಣ ನನ್ನ ಮೇಲಿದೆ ಎಂದೇ ಭಾವಿಸುತ್ತೇನೆ.

ನಿಮ್ಮ ಭಯದ ವಿಷಯಕ್ಕೆ ಬಂದರೆ, ಹೌದು, ಎಲ್ಲವೂ ಎಲ್ಲರೆದುರು ಆಗುತ್ತದೆ. ನನ್ನ ಆ ಅರವತ್ತು ಸಾಲಿನ ಡಿಫ್ ಈಗಲೂ ಅಲ್ಲೇ ಇದೆ. ಯಾವುದಾದರೂ ಪ್ರಾಜೆಕ್ಟಿನ ಮುಖ್ಯ ಡೆವಲಪರ್ ಒಬ್ಬರ ಮೊದಲ ಪುಲ್ ರಿಕ್ವೆಸ್ಟನ್ನು ಹುಡುಕಿ ತೆಗೆದು ಓದಿ. ಹತ್ತಾರು ಕಾಮೆಂಟುಗಳು, 'ಇದನ್ನು ಹೀಗೆ ಮಾಡಿ', 'ಇಲ್ಲಿ ಟೆಸ್ಟ್ ಎಲ್ಲಿ' ಎಂಬ ಮಾತುಗಳು ಅಲ್ಲೂ ಇರುತ್ತವೆ. ಪರಿಶೀಲಿಸುವವರು 'ನಿಟ್' ಎಂದು ಶುರುಮಾಡಿ ಬರೆದರೆ ಅದು ಚಿಕ್ಕ ವಿಷಯ, ತಿದ್ದಿದರೆ ಒಳ್ಳೆಯದು ಎಂದರ್ಥ. ಒಪ್ಪಿಗೆಯಾಗದ ಸಲಹೆಗೆ ಕಾರಣ ಕೊಟ್ಟು ಇಲ್ಲ ಎನ್ನಬಹುದು. ಪ್ಯಾಚ್ ತಿರಸ್ಕಾರವಾದರೆ, 'ಇದು ಈ ಪ್ರಾಜೆಕ್ಟಿನ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಕಾರಣವೇ ಬಹಳ ಸಲ ಇರುತ್ತದೆ. ಅದಕ್ಕೇ ಮೊದಲು ಇಶ್ಯೂ ತೆರೆದು ಕೇಳಿ ಎಂದದ್ದು.

ಎಐ ಬಗ್ಗೆ ನನ್ನ ನಿಲುವು ಗಟ್ಟಿಯಾಗಿದೆ. ಕೋಡ್ ಅರ್ಥ ಮಾಡಿಕೊಳ್ಳಲು ಧಾರಾಳವಾಗಿ ಬಳಸಿ. ಈ ಫಂಕ್ಷನ್ ಏನು ಮಾಡುತ್ತದೆ, ಈ ಎರರ್ ಎಲ್ಲಿಂದ ಬರಬಹುದು ಎಂದು ಕೇಳಿ. ನಿಮ್ಮ ಇಂಗ್ಲಿಷ್ ವಾಕ್ಯವನ್ನು ನೇರ ಮಾಡಿಸಿಕೊಳ್ಳಿ. ಆದರೆ ನೀವೇ ವಿವರಿಸಲಾರದ ಒಂದು ಸಾಲನ್ನೂ ಕಳಿಸಬೇಡಿ. 'ಪೈಪಿನಿಂದ ಬಂದರೆ?' ಎಂಬ ಪ್ರಶ್ನೆ ಬಂದಾಗ ಉತ್ತರಿಸಬೇಕಾದವರು ನೀವು. ಆ ಪ್ರಶ್ನೆಯನ್ನೂ ಎಐಗೆ ಕೊಟ್ಟು ಬಂದದ್ದನ್ನು ಅಂಟಿಸಿದರೆ, ಆ ಕಡೆ ಕೂತ ಮನುಷ್ಯ ತನ್ನ ಸಂಜೆಯನ್ನು ಒಂದು ಯಂತ್ರದ ಜೊತೆ ಕಳೆದಂತಾಯಿತು. ಜೆಂಟೂ ಎಂಬ ಲಿನಕ್ಸ್ ವಿತರಣೆ 2024ರ ಏಪ್ರಿಲಿನಲ್ಲಿ ಎಐ ಬರೆದ ಕೊಡುಗೆಗಳನ್ನು ಪೂರ್ತಿ ನಿಷೇಧಿಸಿತು. ಬಳಸಿದ್ದರೆ ಹೇಳಿ ಎಂದಷ್ಟೇ ಕೇಳುವ ಪ್ರಾಜೆಕ್ಟುಗಳೂ ಇವೆ. ನಿಮ್ಮದರ ನಿಯಮ ನೋಡಿಕೊಳ್ಳಿ, ಬಳಸಿದ್ದರೆ ಮುಚ್ಚಿಡಬೇಡಿ.

ಲೆಕ್ಕಕ್ಕೊಂದು ಪುಲ್ ರಿಕ್ವೆಸ್ಟ್ ಕಳಿಸುವ ಚಪಲವೂ ಬೇಡ. ಓಪನ್ ಸೋರ್ಸ್‌ಗೆ ಪುಲ್ ರಿಕ್ವೆಸ್ಟ್ ಕಳಿಸಲು ಪ್ರತಿ ಅಕ್ಟೋಬರಿನಲ್ಲಿ ಉತ್ತೇಜಿಸುವ, 2014ರಲ್ಲಿ ಶುರುವಾದ ಹ್ಯಾಕ್ಟೋಬರ್‌ಫೆಸ್ಟ್ ಒಳ್ಳೆಯ ಉದ್ದೇಶದ್ದು. ಆದರೆ 2020ರಲ್ಲಿ ಟಿ-ಶರ್ಟಿನ ಆಸೆಗೆ ರೀಡ್‌ಮೀ ಫೈಲುಗಳಿಗೆ ಒಂದೊಂದು ಪದ ಸೇರಿಸಿದ ಪುಲ್ ರಿಕ್ವೆಸ್ಟುಗಳು ಎಷ್ಟು ಬಂದವೆಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳು ಮಾತ್ರ ಸೇರುವಂತೆ ನಡುವೆಯೇ ನಿಯಮ ಬದಲಿಸಬೇಕಾಯಿತು. ಅಂಥ ಒಂದೊಂದನ್ನೂ ಯಾರೋ ತೆರೆದು, ಓದಿ, ಮುಚ್ಚಿದ್ದಾರೆ.

'ಗುಡ್ ಫಸ್ಟ್ ಇಶ್ಯೂ' ಗುರುತನ್ನು ಪೂರ್ತಿ ಬಿಡಿ ಎನ್ನುತ್ತಿಲ್ಲ. ನೀವು ಬಳಸುವ ಪ್ರಾಜೆಕ್ಟಿನಲ್ಲೇ ಅದು ಸಿಕ್ಕಿದರೆ ಒಳ್ಳೆಯದೇ. ಹತ್ತು ಜನ ಕೇಳಿರುವ ಕಡೆ ಹನ್ನೊಂದನೆಯವರಾಗಿ ಕೇಳುವುದರಿಂದ ಪ್ರಯೋಜನವಿಲ್ಲ. ಆದರೆ ಯಾರೋ ಮೂರು ತಿಂಗಳ ಹಿಂದೆ ಕೈ ಹಾಕಿ ಏನೂ ಕಳಿಸಿರದಿದ್ದರೆ, 'ಇದರ ಮೇಲೆ ಇನ್ನೂ ಕೆಲಸ ಮಾಡುತ್ತಿದ್ದೀರಾ? ಇಲ್ಲದಿದ್ದರೆ ನಾನು ನೋಡಲೇ?' ಎಂದು ಅವರನ್ನೇ ಕೇಳಿ. ಮರುಕಳಿಸಲಾಗದೆ ಬಿದ್ದಿರುವ ಹಳೆಯ ವರದಿಗಳಿರುತ್ತವೆ, ಅವುಗಳತ್ತ ಯಾರೂ ಕಣ್ಣು ಹಾಯಿಸುವುದಿಲ್ಲ. ಇಂದಿನ ಆವೃತ್ತಿಯಲ್ಲಿ ಓಡಿಸಿ ನೋಡಿ, 'ಈಗಲೂ ಆಗುತ್ತದೆ, ಮರುಕಳಿಸುವ ಬಗೆ ಇದು' ಎಂದೋ 'ಈಗ ಆಗುತ್ತಿಲ್ಲ' ಎಂದೋ ಬರೆದರೆ ಮೇಂಟೇನರಿನ ಒಂದು ಗಂಟೆ ಉಳಿಯುತ್ತದೆ.

ಕೋಡಿನಾಚೆಗೂ ದಾರಿಯಿದೆ. ಅನುವಾದ ನಿಮಗೆ ಇಷ್ಟವಾದರೆ ಅದನ್ನೂ ನೋಡಿ. ಫೈರ್‌ಫಾಕ್ಸ್‌ನ ಅನುವಾದ ಪಾಂಟೂನ್ ಎಂಬ ಅನುವಾದ ತಾಣದಲ್ಲಿ ನಡೆಯುತ್ತದೆ, ಇನ್ನೂ ಎಷ್ಟೋ ಪ್ರಾಜೆಕ್ಟುಗಳದ್ದು ವೆಬ್‌ಲೇಟ್‌ನಲ್ಲಿ. ಅದು ಪದಕ್ಕೆ ಪದ ಇಡುವ ಕೆಲಸವಾಗಿದ್ದರೆ ಯಂತ್ರವೇ ಮಾಡಿಬಿಡುತ್ತಿತ್ತು. 'ಓಪನ್' ಎಂಬ ಒಂದೇ ಪದ ಒಂದು ಗುಂಡಿಯ ಮೇಲಿದ್ದರೆ 'ತೆರೆ', ಸ್ಥಿತಿ ತೋರಿಸುವ ಕಾಲಮಿನಲ್ಲಿದ್ದರೆ 'ತೆರೆದಿದೆ'. ಅನುವಾದದ ಫೈಲಿನಲ್ಲಿ ಮಾತ್ರ ಆ ಪದ ಒಂಟಿಯಾಗಿ ನಿಂತಿರುತ್ತದೆ. ಸೋರ್ಸ್ ಕೋಡಿಗೆ ಹೋಗಿ ಅದು ಎಲ್ಲಿ ಬಳಕೆಯಾಗಿದೆ ಎಂದು ನೋಡಿದವರು ಮಾತ್ರ ಸರಿಯಾಗಿ ಬರೆಯಬಲ್ಲರು. ಎರಡು ಅರ್ಥಕ್ಕೂ ಒಂದೇ ನಮೂದು ಇಟ್ಟಿದ್ದರೆ ಅದೇ ಒಂದು ಬಗ್, ವರದಿ ಮಾಡಿ. ಕೋಡ್ ಬಲ್ಲ ಅನುವಾದಕರು ಬಹಳ ಕಡಿಮೆ, ನಿಮ್ಮಂಥವರು ಬೇಕು.

ಸದ್ಯಕ್ಕೆ ಪ್ಯಾಚಿನ ಯೋಚನೆ ಬಿಡಿ. ಇವತ್ತು ಸಂಜೆ ಆ ಪಟ್ಟಿ ತೆಗೆದು, ನಿಮ್ಮನ್ನು ಇತ್ತೀಚೆಗೆ ತಡೆದು ನಿಲ್ಲಿಸಿದ ಒಂದು ಹೆಸರನ್ನು ಆರಿಸಿ, ಕ್ಲೋನ್ ಮಾಡಿ, ಟೆಸ್ಟ್ ಓಡಿಸಿ. ಎಲ್ಲಿ ಎಡವಿದಿರಿ ಎಂದು ಬರೆದಿಟ್ಟ ಹಾಳೆಯನ್ನು ನನಗೂ ಕಳಿಸಿ. ಅದರಲ್ಲಿ ಯಾವುದನ್ನು ಮೊದಲು ಇಶ್ಯೂ ಮಾಡಬಹುದು ಎಂದು ಒಟ್ಟಿಗೆ ನೋಡೋಣ.